ಕಣ್ಣು ಹಚ್ಚಿ ನೋಡುವ ಗಾಜು

ಕಾಂತೇಶ ಕಣ್ಣಿನ ಮನುಷ್ಯ. ಡಾಕ್ಟರ್ ಅಲ್ಲ. ಸರ್ಕಾರಿ ದವಾಖಾನೆಯಲ್ಲಿ ಕಣ್ಣು ತಪಾಸು ಮಾಡಿ, ಚಷ್ಮಾದ ನಂಬರು ಬರೆದುಕೊಟ್ಟು, ಪೊರೆ ಬಂದವರನ್ನು ಆಪರೇಶನ್ನಿಗೆ ಕಳಿಸುವ ನೇತ್ರ ಸಹಾಯಕ. ಬೈಲಹೊಂಗಲದಲ್ಲಿ ಮನೆ. ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಗೂ ನೌಕರಿ ಮಾಡಿ ಬಂದವನು. ಈ ಭಾಗದಲ್ಲಿ ಅವನ ಬೆರಳು ತಾಗದ ರೆಪ್ಪೆಗಳು ಕಡಿಮೆ. ಗೌಡರ ರೆಪ್ಪೆ, ಶೆಟ್ಟರ ರೆಪ್ಪೆ, ಮಠದ ಅಯ್ಯನವರ ರೆಪ್ಪೆ, ಎಲ್ಲವನ್ನೂ ಹೆಬ್ಬೆರಳಿನಿಂದ ಮಗುಚಿ ನೋಡಿದ್ದಾನೆ. ಕಣ್ಣೊಳಗೆ ಕಬ್ಬಿನ ಒಣ ಗರಿಯ ರವದಿ ಚುಚ್ಚಿಕೊಂಡವನಿಗೆ ಜಾತಿ ಕೇಳುವ ಪುರಸತ್ತು ಇರುವುದಿಲ್ಲ.

ಹುಟ್ಟಿದ್ದು ಮುರಗೋಡದ ಕೇರಿಯಲ್ಲಿ. ಅಪ್ಪನ ಕಾಲಕ್ಕೆ ಜಗಲಿಯ ಮೇಲೆ ದುರ್ಗವ್ವ ಇದ್ದಳು, ಇವನ ಕಾಲಕ್ಕೆ ಗೋಡೆಗೆ ಬುದ್ಧ ಬಂದ. ಹೆಂಡತಿ ಪೂನಮ್ ಹೊಲಿಗೆ ಕಲಿಸುತ್ತಾಳೆ. ಮಗಳು ಪ್ರಜ್ಞಾ ಧಾರವಾಡದಲ್ಲಿ ಕಾಯಿದೆ ಓದುತ್ತಾಳೆ. ನನಗೆ ಇವನು ಸಂಘಟನೆಯ ದಿನಗಳಿಂದ ಗೊತ್ತು. ನಾವು ಮುಂದೆ ನಿಂತು ಗಂಟಲು ಹರಿದುಕೊಳ್ಳುವಾಗ ಹಿಂದಿನ ಸಾಲಿನಲ್ಲಿ ಬ್ಯಾನರಿನ ಒಂದು ಕೋಲು ಹಿಡಿದು ಸುಮ್ಮನೆ ನಡೆಯುತ್ತಿದ್ದ. ಭಾಷಣ ಮಾಡಿದವರಲ್ಲಿ ಕೆಲವರು ನಿಗಮ ಮಂಡಳಿ ಸೇರಿಕೊಂಡರು. ಕೋಲು ಹಿಡಿದವನು ದವಾಖಾನೆ ಸೇರಿದ.

ಚುಕ್ಕಿಯ ಹುಚ್ಚು ಹಿಡಿದದ್ದು ಕಣ್ಣಿನ ಶಿಬಿರಗಳಿಂದ. ಹಳ್ಳಿಯಲ್ಲಿ ಶಿಬಿರ ಮುಗಿಸಿ ಬರುವಾಗ ದವಾಖಾನೆಯ ಜೀಪು ದಾರಿಯಲ್ಲಿ ಕೈಕೊಡುತ್ತಿತ್ತು. ಡ್ರೈವರ್ ಬೈಯುತ್ತ ಬಾನೆಟ್ಟಿನೊಳಗೆ ತಲೆ ಹಾಕಿದರೆ ಇವನು ಗದ್ದ ಎತ್ತಿ ಮೇಲೆ ನೋಡುತ್ತ ನಿಲ್ಲುತ್ತಿದ್ದ. ನೋಡುತ್ತ ನೋಡುತ್ತ ಪುಸ್ತಕ ತರಿಸಿದ, ದುರ್ಬೀನು ತರಿಸಿದ, ಕಡೆಗೆ ನನ್ನನ್ನೂ ಸೇರಿಸಿ ಇಂಥದೇ ಹುಚ್ಚಿನ ಹತ್ತೆಂಟು ಮಂದಿಯನ್ನು ಕೂಡಿಸಿ ಆಕಾಶ ನೋಡುವ ಬಳಗ ಕಟ್ಟಿದ. ಬಳಗದವರಿಂದ ಪಟ್ಟಿಯ ಹಣ ಎತ್ತಿ ಒಂದು ದೊಡ್ಡ ಟೆಲಿಸ್ಕೋಪ್ ಬಂತು. ಎಂಟು ಇಂಚಿನ ಕನ್ನಡಿ, ಕಾಳು ತುಂಬುವ ಹಗೇವಿನ ಬಾಯಿಯಂಥ ಕೊಳವೆ. ಅಧ್ಯಕ್ಷರು ಯಾರು? ಬಸಲಿಂಗಪ್ಪ ಸಾವುಕಾರರು. ಕಿತ್ತೂರಿನ ಹತ್ತಿರದ ಎಂ.ಕೆ. ಹುಬ್ಬಳ್ಳಿಯಲ್ಲಿ ಅವರಿಗೆ ಕಬ್ಬು, ಕಟಕೋಳದ ಹತ್ತಿರ ಒಣಬೇಸಾಯದ ಹೊಲ. ಆ ಹೊಲದಲ್ಲಿ ಕತ್ತಲು ಚೆನ್ನಾಗಿದೆ. ಕತ್ತಲು ಯಾರ ಹೊಲದಲ್ಲಿದೆಯೋ ಅವರೇ ಅಧ್ಯಕ್ಷರು. ಬಳಗ ಕಟ್ಟಿದವನು ಟೆಲಿಸ್ಕೋಪ್ ಹೊತ್ತು ತರುವ ಕೆಲಸಕ್ಕೆ ನಿಂತ.

ಟೆಲಿಸ್ಕೋಪಿನ ಜೊತೆ ಒಂದು ಸಣ್ಣ ಐಪೀಸ್ ಬಂದಿತ್ತು. ಐಪೀಸ್ ಅಂದರೆ ನಾವು ಕಣ್ಣಿಡುವ ಗಾಜು. ಕನ್ನಡಿ ಎಷ್ಟೇ ದೊಡ್ಡದಿರಲಿ, ನೋಡುವುದು ಆ ಗಾಜಿನೊಳಗಿಂದಲೇ. ಬಂದದ್ದು ಇಕ್ಕಟ್ಟಿನದು. ಚಂದ್ರ, ಶನಿ ನೋಡಲು ಅಡ್ಡಿಯಿಲ್ಲ. ಆದರೆ ಕೃತ್ತಿಕೆಯ ಗುಂಪು ಅದರೊಳಗೆ ಹಿಡಿಸುತ್ತಿರಲಿಲ್ಲ, ಎರಡು ಚುಕ್ಕಿ ಒಳಗಾದರೆ ನಾಲ್ಕು ಹೊರಗೆ. ದೇವಯಾನಿ ಗ್ಯಾಲಕ್ಸಿಯ ನಡುವಿನ ಬೆಳಕಿನ ಗಂಟು ಕಾಣುತ್ತಿತ್ತು, ಎರಡೂ ಕಡೆ ಚಾಚಿದ ರೆಕ್ಕೆ ಇಲ್ಲ. ಕಿಟಕಿಯ ಸಂದಿಯಿಂದ ಮದುವೆಯ ದಿಬ್ಬಣ ನೋಡಿದಂತೆ.

ಕಾಂತೇಶನಿಗೆ ಬೇಕಾದದ್ದು ಅಗಲದ್ದು. ಬೇರೇನೂ ಆಸೆ ಇಲ್ಲದ ಮನುಷ್ಯ ಇದೊಂದಕ್ಕೆ ಹಟ ಹಿಡಿದ. "ಇಡೀದು ಒಮ್ಮೆ ನೋಡಬೇಕ್ರಿ ಅಣ್ಣಾರ. ತುಂಡ ತುಂಡ ಮಾಡಿ ನೋಡಿ ಸಾಕಾತು" ಅನ್ನುತ್ತಿದ್ದ.

ಬಳಗದಲ್ಲಿ ಒಬ್ಬರು ಎಲ್ಲಕ್ಕಿಂತ ಉದ್ದನೆಯ ಫೋಕಸ್ಸಿನ, ನಲವತ್ತು ಮಿಲಿಮೀಟರಿನದನ್ನೇ ತರಿಸೋಣ ಅಂದಾಗ ಇವನೇ ತಡೆದ.

"ನಾವೆಲ್ಲಾ ಐವತ್ತ ದಾಟಿದವ್ರು. ವಯಸ್ಸಾದಂಗ ಕಣ್ಣಿನ ಪಾಪಿ ಕತ್ತಲಾಗ ಪೂರಾ ಅಗಲ ಆಗೂದಿಲ್ಲ. ಆ ಐಪೀಸ್ ಸುರಿಯೋ ಬೆಳಕಿನ್ಯಾಗ ಅರ್ಧಾ ಪಾಪಿಯ ಹೊರಗ ಬೀಳತೈತಿ. ಸೇರಿನ ಚರಿಗಿಗಿ ಎರಡ ಸೇರ ಹಾಲ ಹಾಕಿದಂಗ."

ಹೀಗೆ ಸೋಸಿ ಸೋಸಿ ಎರಡಕ್ಕೆ ಬಂದು ನಿಂತಿತು. ಒಂದು ಅಗಲದ್ದು. ಅದರಲ್ಲಿ ಪೂರ್ತಿ ಕಾಣಬೇಕಾದರೆ ಕಣ್ಣನ್ನು ಸುತ್ತಲಿನ ರಬ್ಬರ್ ಬಳೆಗೆ ಒತ್ತಿ ಹಚ್ಚಬೇಕು. ಇನ್ನೊಂದು ಅಷ್ಟು ಅಗಲವಿಲ್ಲ, ಆದರೆ ಕಣ್ಣು ಬೆರಳಷ್ಟು ದೂರವಿದ್ದರೂ ಕಾಣುತ್ತದೆ, ತಾಗಬೇಕಾಗಿಲ್ಲ. ಬಳಗದ ರೂಢಿ ಏನೆಂದರೆ, ಯಾವ ವಸ್ತು ತರಿಸುವುದಾದರೂ ಮೊದಲು ಎಲ್ಲರೂ ನೋಡಿ, ಆಮೇಲೆ ಕೈ ಎತ್ತಬೇಕು. ಕಾಂತೇಶ ಹುಬ್ಬಳ್ಳಿಯ ಪರಿಚಯದವರಿಂದ ಎರಡನ್ನೂ ಕಡ ತಂದ.

ಮಾರ್ಗಶಿರದ ಅಮಾವಾಸ್ಯೆ. ಸಂಜೆ ಕಪ್ಪಾಗುತ್ತಿದ್ದಂತೆ ಹೊಲದಲ್ಲಿ ಕೂಡಿದೆವು. ದೂರದ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಬಂದಾಗೊಮ್ಮೆ ಎಲ್ಲರೂ ಬೆನ್ನು ತಿರುಗಿಸಿ ಕಣ್ಣು ಮುಚ್ಚಿಕೊಳ್ಳುವುದು, ಅದು ಹೋದ ಮೇಲೆ ಮತ್ತೆ ತಿರುಗುವುದು. ಕಾಂತೇಶ ಅಗಲದ ಐಪೀಸ್ ಹಾಕಿ, ಕೊಳವೆಯನ್ನು ಕೃತ್ತಿಕೆಗೆ ತಿರುವಿ, ಕಣ್ಣು ಒತ್ತಿದ.

"ಏನ ಕಂಡ್ಯೋ?" ಅಂದೆ.

"ಚೌಕಟ್ಟ ಇಲ್ರಿ ಅಣ್ಣಾರ" ಅಂದ. ಅಷ್ಟೇ.

ಅವನು ಸರಿದ ಮೇಲೆ ಸಾವುಕಾರರು ಬಂದರು. ಕಿಸೆಯಿಂದ ಹತ್ತಿ ತೆಗೆದರು, ಬಾಟಲಿಯಿಂದ ಸ್ಪಿರಿಟ್ ಹಾಕಿದರು, ರಬ್ಬರನ್ನು ತಿಕ್ಕಿ ತಿಕ್ಕಿ ಒರೆಸಿದರು. "ಕಣ್ಣ ಬ್ಯಾನಿ ಭಾಳ ಐತ್ರಿ ಈ ಸಲ" ಅಂದರು. ನೋಡಿದರು. ಆಹಾ ಅಂದರು. ಅವರ ನಂತರ ರಾಮದುರ್ಗದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಉಮಾಶ್ರೀ ಮೇಡಂ, ಆಮೇಲೆ ಉಳಿದವರು. ಅವರ ನಡುವೆ ಹತ್ತಿ ಹೊರಗೆ ಬರಲಿಲ್ಲ. ಎರಡನೆಯ ಸರತಿಗೆ ಕಾಂತೇಶ ನೋಡಿ ಸರಿದಾಗ ಮತ್ತೆ ಬಂತು.

ಆ ಹತ್ತಿಯನ್ನು ನಾನು ನೋಡಿದೆ. ಕಾಂತೇಶನೂ ನೋಡಿದ. ಆದರೆ ಅವನು ಅದನ್ನು ದವಾಖಾನೆಯ ಕಣ್ಣಿನಿಂದ ನೋಡಿದ.

"ಸಾವ್ಕಾರ್ರ, ಸ್ಪಿರಿಟ್ ಗಾಜಿಗಿ ಹತ್ತಿದ್ರ ಮ್ಯಾಲಿನ ಲೇಪ ಹೋಗತೈತ್ರಿ. ಬ್ಯಾನಿದ್ದು ನೀವು ಹೇಳೂದು ಖರೇನ. ಒಂದ ಕೆಲಸಾ ಮಾಡೋಣು. ರಬ್ಬರ್ ಬಳಿ ಬಿಚ್ಚಿ ಹಾಕಾಕ ಬರತೈತಿ. ತಲಿಗೊಂದು ತರತೇನಿ. ಅವರವರದು ಅವರು ಹಾಕ್ಕೊಂಡು ನೋಡ್ರಿ."

"ಇದಕ್ಕ ಅಂತಾರ ನೋಡ್ರಿ ಶಾಣ್ಯಾತನಾ!" ಅಂದರು ಸಾವುಕಾರರು. ಎಲ್ಲರೂ ಹೌದೆಂದರು.

ವಾಪಸು ಬರುವಾಗ ಬೈಕಿನ ಹಿಂದೆ ಕುಳಿತು ನಾನು ಬಾಯಿ ಬಿಟ್ಟೆ. "ನಿನಗ ತಲಿ ಐತೋ ಇಲ್ಲೋ? ನಿಮ್ಮಪ್ಪ ಹೋಟೆಲಿನ ಗಿಡದ ಟೊಂಗಿಗಿ ನೇತ ಹಾಕಿದ್ದ ಬ್ಯಾರೆ ಕಪ್ಪಿನ್ಯಾಗ ಚಾ ಕುಡದಾಂವ. ಆ ಕಪ್ ಒಡ್ಯಾಕ ಹೋಗಿ ನಾನು ಲಾಠಿ ತಿಂದೇನಿ. ನೀ ಇವತ್ತ ನಿನ್ನ ಕೈಲೆ ಬ್ಯಾರೆದ್ದ ಮಾಡ್ಕೊಂಡಿ."

"ಅಣ್ಣಾರ, ನಿಮಗ ಎಲ್ಲಾದ್ರಾಗೂ ಅದ ಕಾಣತೈತಿ. ಕಣ್ಣ ಬ್ಯಾನಿಗಿ ಜಾತಿ ಇಲ್ರಿ. ಎಲ್ಲಾರಿಗೂ ಒಂದೊಂದಂದ್ರ ಬ್ಯಾರೆ ಹೆಂಗಾಕ್ಕೇತಿ?"

"ನೋಡೋಣು."

"ನೋಡೋಣ್ರಿ. ಆ ಐಪೀಸ್ ಬರಬೇಕು, ಅಷ್ಟ."

ತಪ್ಪು ಅಲ್ಲೇ ಆಯಿತು. ಜೀವನವಿಡೀ ಸೋಂಕಿನ ಜೊತೆ ಗುದ್ದಾಡಿದವನು. ಒಬ್ಬೊಬ್ಬರಿಗೆ ಒಂದೊಂದು ಅಂದರೆ ಅವನ ಲೆಕ್ಕದಲ್ಲಿ ಸ್ವಚ್ಛತೆ. ನಮ್ಮ ಊರುಗಳಲ್ಲಿ ಆ ಮಾತಿಗೆ ಬೇರೆ ಚರಿತ್ರೆ ಇದೆ ಅನ್ನುವುದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದದ್ದನ್ನು ಆ ಐಪೀಸಿನ ಆಸೆಗೆ ಬದಿಗೆ ಸರಿಸಿದ.

ಹುಬ್ಬಳ್ಳಿಯಲ್ಲಿ ದುರ್ಬೀನು ರಿಪೇರಿ ಮಾಡುವವರ ಹತ್ತಿರ ಬಳೆ ಮಾಡಿಸಿದ. ಪ್ರತಿಯೊಂದಕ್ಕೂ ಬೇರೆ ಬೇರೆ ಬಣ್ಣದ ದಾರ ಕಟ್ಟಿದ, ಯಾವುದು ಯಾರದೆಂದು ಗುರುತು ಸಿಗಲಿ ಅಂತ. ಮುಂದಿನ ಅಮಾವಾಸ್ಯೆಗೆ ಒಂದು ಡಬ್ಬಿಯಲ್ಲಿ ಹಾಕಿಕೊಂಡು ಬಂದು ಸಾವುಕಾರರ ಕೈಗೆ ಕೊಟ್ಟ. ಆ ಸಂಜೆಯೇ ಕೈ ಎತ್ತುವುದಿತ್ತು.

ಕೊಳವೆ ಕೂರಿಸಿ, ಕನ್ನಡಿ ಹೊಂದಿಸುವ ಕೆಲಸ ಕಾಂತೇಶನದು. ಅದನ್ನು ಮುಗಿಸಿ ಅವನು ಕೈ ತೊಳೆಯಲು ನೀರಿನ ತೊಟ್ಟಿಯ ಕಡೆ ಹೋದ. ತಿರುಗಿ ಬರುವಷ್ಟರಲ್ಲಿ ನೋಡುವುದು ಶುರುವಾಗಿತ್ತು. ಸಾವುಕಾರರು ನೋಡಿದರು, ಸರಿದರು. ಮೇಡಂ ನೋಡಿದರು, ಸರಿದರು. ಇನ್ನೊಬ್ಬರು, ಮತ್ತೊಬ್ಬರು. ಬಳೆ ಒಂದೇ, ಐಪೀಸಿನ ಜೊತೆ ಬಂದದ್ದು. ಯಾರೂ ಬದಲಿಸಲಿಲ್ಲ. ಡಬ್ಬಿ ಮುಚ್ಚಿಯೇ ಇತ್ತು. ನನ್ನ ಸರತಿ ಬಂತು. ನಾನು ನೋಡಲಿಲ್ಲ, ಕಾಂತೇಶನಿಗೆ ದಾರಿ ಬಿಟ್ಟೆ.

ಅವನು ಬಗ್ಗುವುದಕ್ಕೆ ಮೊದಲೇ ಸಾವುಕಾರರು ಮುಂದೆ ಬಂದರು. ಐಪೀಸಿನ ಬಳೆಯನ್ನು ಬಿಚ್ಚಿ ತಮ್ಮ ಅಂಗೈಯಲ್ಲಿ ಇಟ್ಟುಕೊಂಡರು.

"ಕಾಂತೇಶ ಅವರ, ನಿಮ್ಮದು ಹಾಕ್ಕೋರಿ. ಜಾಲಿ ಗಿಡಕ್ಕ ಸಿಗಿಸೇನಿ ನೋಡ್ರಿ, ನೀಲಿ ದಾರದ್ದು."

ಜಾಲಿಯ ಮುಳ್ಳಿಗೆ ಅವನ ಬಳೆ ತೂಗುತ್ತಿತ್ತು. ಒಂದೇ.

ಕಾಂತೇಶ ಹೋಗಿ ಅದನ್ನು ತಂದ. ಕಣ್ಣಿನ ಕತ್ತಲು ಕೆಡಿಸದ ಕೆಂಪು ಬ್ಯಾಟರಿ ಹಚ್ಚಿ ನೋಡಿದ. ಆಮೇಲೆ ಡಬ್ಬಿ ತೆರೆದು ನೋಡಿದ. ಉಳಿದವು ದಾರ ಸಮೇತ ಹೊಸತಾಗಿ ಬಿದ್ದಿದ್ದವು.

"ಸಾವ್ಕಾರ್ರ, ಉಳದವ್ರು ಯಾಕ ಹಾಕ್ಕೊಂಡಿಲ್ರಿ?"

"ಯಾಂವ ಬದಲಿ ಮಾಡಕೋಂತ ಕುಂದ್ರತಾನ್ರಿ ಕತ್ತಲಾಗ. ನಾವ ನಾವ ಅಲ್ರಿ."

"ನಾವ ನಾವ" ಅಂದ ಕಾಂತೇಶ, ರುಚಿ ನೋಡಿದವನಂತೆ.

"ತಪ್ಪ ತಿಳಕೋಬ್ಯಾಡ್ರಿ ಮತ್ತ. ನೀವು ದಿನಾ ರೋಗಿಗಳ ಕಣ್ಣ ಮುಟ್ಟವ್ರು. ಅದಕ್ಕ ಅಂದೆ. ನಾ ಬಸವ ಜಯಂತಿಗಿ ಏನ ಮಾತಾಡತೇನಿ, ನಿಮಗ ಗೊತ್ತೈತಿ."

"ಗೊತ್ತೈತ್ರಿ. ಮುಂದಿನ ಸಾಲಿನ್ಯಾಗ ಕುಂತು ಕೇಳೇನಿ."

ನಾನು ಬಾಯಿ ಹಾಕಲು ಹೋದೆ. ಕಾಂತೇಶ ಕೈ ಅಡ್ಡ ಮಾಡಿದ. ಜೀವಮಾನದಲ್ಲಿ ಮೊದಲ ಸಲ ನನಗೆ ಸುಮ್ಮನಿರು ಅಂದವನು ಅವನು. ಸಾವುಕಾರರ ಅಂಗೈಯಿಂದ ಬಳೆ ತೆಗೆದುಕೊಂಡ, ಡಬ್ಬಿಗೆ ಹಾಕಿದ, ಡಬ್ಬಿಯನ್ನು ತನ್ನ ಜಾಕೀಟಿನ ಕಿಸೆಗೆ ಇಳಿಸಿದ. ನೀಲಿ ದಾರದ ಬಳೆಯನ್ನು ಐಪೀಸಿಗೆ ಹಾಕಿ ಕಣ್ಣು ಒತ್ತಿ ನೋಡಿದ. ಅವಸರ ಮಾಡಲಿಲ್ಲ. ಆಮೇಲೆ ಒಂದು ಹೆಜ್ಜೆ ಸರಿದು ನಿಂತ.

"ಇನ್ನ ಇದೊಂದ ಇರತೈತ್ರಿ. ಮಹಾವ್ಯಾಧನ ಚುಕ್ಕಿ ಗುಂಪಿನ ಕತ್ತಿಗಿ ಕೊಳವಿ ಹಚ್ಚೇನಿ, ನೀಹಾರಿಕೆ ಪೂರಾ ಐತಿ. ನೋಡವ್ರು ಬಂದು ನೋಡ್ರಿ. ಆಮ್ಯಾಲ ಕೈ ಎತ್ರಿ."

ಯಾರೂ ಅಲುಗಲಿಲ್ಲ. ಒಬ್ಬರು ಮಂಜು ಬೀಳಾಕ ಹತ್ತೈತಿ ಅಂದರು. ಒಬ್ಬರಿಗೆ ಫೋನು ಬಂತು, ಗಂಟೆ ಬಾರಿಸದ ಫೋನು. ಕಡೆಗೆ ಉಮಾಶ್ರೀ ಮೇಡಂ ಮುಂದೆ ಬಂದರು. ಒಳ್ಳೆಯ ಹೆಣ್ಣುಮಗಳು, ಯಾರ ಮನಸ್ಸಿಗೂ ನೋವಾಗಬಾರದು ಅನ್ನುವವರು. ಸೆರಗು ಸರಿಮಾಡಿಕೊಂಡು ಬಗ್ಗಿದರು. ಬಗ್ಗಿದರು, ಮುಖ ತಾಗಿಸಲಿಲ್ಲ. ರಬ್ಬರಿಗೂ ಅವರ ಹುಬ್ಬಿಗೂ ನಡುವೆ ಎರಡು ಬೆರಳು ಹೋಗುವಷ್ಟು ಜಾಗ ಬಿಟ್ಟು ನಿಂತರು.

"ಛಲೋ ಐತ್ರಿ ಸರ್. ಭಾಳ ಅಗಲ ಐತಿ."

"ಅಂಚಿಗಿ ಏನ ಕಾಣತೈತ್ರಿ ಮೇಡಂ?"

"ಅಂಚಿಗಿ... ಚುಕ್ಕಿ ಅದಾವ್ರಿ."

"ಅಂಚ ಕಾಣೂದಿಲ್ರಿ ಮೇಡಂ, ಅಷ್ಟ ದೂರ ನಿಂತ್ರ. ಸಣ್ಣ ತೂತ ಕಾಣತೈತಿ, ಅಷ್ಟ. ನಾ ಕಣ್ಣಿನ ಕೆಲಸದಾಂವ. ಕಣ್ಣ ಎಲ್ಲಿ ಇಟ್ರ ಏನ ಕಾಣತೈತಿ ಅನ್ನೂದು ನನಗ ಹೊರಗಿನಿಂದ ಗೊತ್ತಾಕ್ಕೇತಿ."

ಮೇಡಂ ಅಳುವಂತಾದರು. ನನಗೆ ಕರುಣೆ ಬರಲಿಲ್ಲ. ಎರಡು ಬೆರಳಿನ ಜಾಗ ದಾಟಲು ಅಳುವಿನ ಅಗತ್ಯವಿರಲಿಲ್ಲ.

ಸಾವುಕಾರರು ಸಭೆ ಮುಗಿಸಿದರು. "ನೋಡ್ರಿ, ಬಳಗದಾಗ ಚಷ್ಮಾದವ್ರು ಹೆಚ್ಚು. ದೂರದಿಂದ ಕಾಣೂದ ಎಲ್ಲಾರಿಗೂ ಅನುಕೂಲ. ಶನಿನೂ ಅದರಾಗ ದೊಡ್ಡದಾಗಿ ಕಾಣತಾನು. ಯಾರ ಯಾರ ಒಪ್ಪಗಿ ಐತಿ, ಕೈ ಎತ್ರಿ."

ಕೈಗಳು ಎದ್ದವು. ಮೇಡಂದು ಎಲ್ಲಕ್ಕಿಂತ ಕಡೆಗೆ, ಮೊಣಕೈ ಮಟ್ಟದವರೆಗೆ. ಏಳದೆ ಉಳಿದದ್ದು ನನ್ನದು ಮತ್ತು ಕಾಂತೇಶನದು. ಕಾರಣ ಹೇಳಲು ಬಳಗಕ್ಕೆ ಚಷ್ಮಾ ಸಿಕ್ಕಿತ್ತು. ಈ ನಾಡಿನಲ್ಲಿ ಕಾರಣಕ್ಕೆ ಎಂದೂ ಬರ ಬಿದ್ದಿಲ್ಲ.

ಕಾಂತೇಶ ಎಂದಿನಂತೆ ಕೊಳವೆ ಬಿಚ್ಚಿ, ಧೂಳು ಕೂರದಂತೆ ಬಾಯಿಗೆ ಬಟ್ಟೆ ಕಟ್ಟಿ, ಸಾವುಕಾರರ ಹೊಲದ ಮನೆಯಲ್ಲಿಟ್ಟು ಬಂದ. ಎರಡೂ ಐಪೀಸನ್ನು ಹುಬ್ಬಳ್ಳಿಗೆ ಮುಟ್ಟಿಸಿದ. ಬಳಗಕ್ಕೆ ದೂರದಿಂದ ಕಾಣುವ ಐಪೀಸ್ ಬಂತು. ಈಗ ಯಾರೂ ಏನನ್ನೂ ಒರೆಸುವುದಿಲ್ಲ, ಬಿಚ್ಚುವುದಿಲ್ಲ, ಬದಲಿಸುವುದಿಲ್ಲ. ನಮ್ಮ ಬಳಗದಲ್ಲಿ ಭೇದಭಾವವೇ ಇಲ್ಲ ಅಂತ ಸಾವುಕಾರರು ಕಿತ್ತೂರಿನ ಸಮಾರಂಭವೊಂದರಲ್ಲಿ ಹೇಳಿದರಂತೆ.

ನಾನು ಆ ಹೊಲಕ್ಕೆ ಕಾಲಿಡುವುದನ್ನು ಬಿಟ್ಟೆ. ಕಾಂತೇಶ ಬಿಡಲಿಲ್ಲ. ಅದಕ್ಕೇ ಒಂದು ದಿನ ಅವನ ಮನೆಯಲ್ಲಿ ಜಗಳ ತೆಗೆದೆ.

"ಮಾನ ಮರ್ಯಾದಿ ಏನರ ಐತೇನೋ? ಆ ಅಗಲದ್ದು ನೀನ ಒಂದು ತರಿಸಿ ಮನಿ ಮಾಳಗಿ ಮ್ಯಾಲ ನೋಡಬಾರದು?"

"ಟೆಲಿಸ್ಕೋಪ್ ಬಳಗದ್ದು ಅಣ್ಣಾರ. ಬರೇ ಐಪೀಸ್ ತಂದು ಕಣ್ಣಾಗ ತುರುಕ್ಕೊಳ್ಳಲೇನು?"

ಒಳಗಿನಿಂದ ಪೂನಮ್ ಅಂದಳು, "ನಾನೂ ಅದ ಹೇಳೇನ್ರಿ. ಬಿಟ್ಟ ಬಿಡ್ರಿ ಅಂತ. ಕೇಳೂದಿಲ್ಲ."

"ಯಾಕ ಬಿಡಲಿ? ಬಳಗಾ ಕಟ್ಟಿದಾಂವ ನಾನು. ನಾ ಬಿಟ್ರ ಅವರಿಗಿ ಹಗೂರಾತು, ಅಷ್ಟ." ನನ್ನ ಕಡೆ ತಿರುಗಿದ. "ನೀವು ಹೋಟೆಲಿನ್ಯಾಗ ಕಪ್ ಒಡದ್ರಿ. ಆಮ್ಯಾಲ ಏನಾತು? ಹೋಟೆಲಿನಾಂವ ಪ್ಲಾಸ್ಟಿಕ್ ಕಪ್ ತಂದಾ. ಕುಡದು ಒಗಿಯೂದು, ಯಾರ ಎಂಜಲಾ ಯಾರೂ ತೊಳಿಯಂಗಿಲ್ಲ. ಗೆದ್ದೇವಿ ಅಂತ ನೀವು ಹಲಗಿ ಬಡಿಸಿದ್ರಿ. ನಾನೂ ಕುಣದೇನಿ."

ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡೆ.

ಕಾಂತೇಶ ಈಗಲೂ ಅಮಾವಾಸ್ಯೆಗೆ ಕಟಕೋಳದ ಹೊಲಕ್ಕೆ ಹೋಗುತ್ತಾನೆ. ಸಾಲಿನಲ್ಲಿ ನಿಲ್ಲುತ್ತಾನೆ. ಸರತಿ ಬಂದಾಗ ಬಳಗದ ಐಪೀಸಿನಲ್ಲಿ ಕೃತ್ತಿಕೆಗೆ ಕೊಳವೆ ತಿರುವಿ, ಒಂದು ತುದಿಯಿಂದ ಇನ್ನೊಂದು ತುದಿಗೆ ಕೈಯಿಂದ ಸ್ವಲ್ಪ ಸ್ವಲ್ಪವೇ ದೂಡುತ್ತ, ತುಂಡು ತುಂಡಾಗಿ ನೋಡುತ್ತಾನೆ. ಹಿಂದೆ ನಿಂತವರು ಬೇಗ ಮುಗಿಸ್ರಿ ಅನ್ನುತ್ತಾರಂತೆ. ಅವನು ಮುಗಿಸುವುದಿಲ್ಲ.