ಕುರಿಯಾಕಿ ತಂದ ಕೆನೆ

ಆಕೆಯ ಬಲಗೈ ಹೆಬ್ಬೆರಳು ಹೊರಕ್ಕೆ ಬಾಗಿತ್ತು. ಕುರಿಯ ಮೊಲೆ ಚಿಕ್ಕದು, ಎರಡು ಬೆರಳಿಗಷ್ಟೇ ಸಿಗುವಂಥದು. ಬುದ್ಧಿ ಬಂದಾಗಿನಿಂದ ಹಿಂಡಿ ಹಿಂಡಿ ಆ ಬೆರಳು ಹಾಗೆಯೇ ನಿಂತುಬಿಟ್ಟಿತ್ತು. ತಂಬಿಗೆಯ ಕಂಠವನ್ನು ಆ ಬೆರಳಿಗೆ ಸಿಕ್ಕಿಸಿಕೊಂಡು ದಿನಾ ಬೆಳಿಗ್ಗೆ ಬಂದು ನಮ್ಮ ಬಾಗಿಲ ಹೊರಗೆ ನಿಲ್ಲುತ್ತಿದ್ದಳು. ಆಕೆಗಿಂತ ಮೊದಲು ಆಕೆಯ ಕಂಬಳಿಯ ವಾಸನೆ ಬರುತ್ತಿತ್ತು. ನಮ್ಮ ಮನೆಯಲ್ಲಿ ಆಕೆಗೆ ಕುರಿಯಾಕಿ ಎಂದೇ ಹೆಸರು.

ಆಗ ಹೈದರಾಬಾದ್ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಆ್ಯಕ್ಷನ್ ಮುಗಿದು ಎರಡು ವರ್ಷವಾಗಿತ್ತು. ನಮ್ಮವರು ಶಹಾಪುರದ ಕಚೇರಿಯಲ್ಲಿ ಗುಮಾಸ್ತರು. ಉರ್ದುವಿನಲ್ಲಿ ಪಳಗಿದ ಕೈಯಿಂದ ಈಗ ಕನ್ನಡ ಅರ್ಜಿ ಬರೆಯುವುದನ್ನು ಕಲಿಯುತ್ತಿದ್ದರು. ನಮ್ಮ ಆರು ವರ್ಷದ ಮಗಳಿಗೆ ಮೂರ್ಛೆ ಬರತೊಡಗಿದ್ದು ಆಗಲೇ. ಮೊದಲು ತಿಂಗಳಿಗೊಮ್ಮೆ, ಆಮೇಲೆ ದಿನಕ್ಕೆ ನಾಲ್ಕೈದು ಸಲ. ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾದರೂ ನಾನು ಅಂಗಳಕ್ಕೆ ಓಡುತ್ತಿದ್ದೆ. ಕೈಯಲ್ಲಿ ಕಬ್ಬಿಣದ ಕೀಲಿಕೈ ಹಿಡಿಸಿದ್ದಾಯಿತು, ಮೂಗಿಗೆ ಉಳ್ಳಾಗಡ್ಡಿ ಹಿಡಿದದ್ದಾಯಿತು, ಮಠದ ವಿಭೂತಿ, ದರ್ಗಾದ ತಾಯತ ಎಲ್ಲ ಆಯಿತು. ಗುಳಿಗೆ ನುಂಗಿಸಿದರೆ ಹುಡುಗಿ ಮಂಕಾಗಿ ಕೂರುತ್ತಿದ್ದಳೇ ಹೊರತು ಮೂರ್ಛೆ ನಿಲ್ಲಲಿಲ್ಲ.

ಕೊನೆಗೆ ಯಾದಗಿರಿಯಲ್ಲಿ ರೈಲು ಹತ್ತಿ ಹೈದರಾಬಾದಿಗೆ ಹೋದೆವು. ಅಲ್ಲಿಯ ಮುದುಕ ಡಾಕ್ಟರೊಬ್ಬರು ಉರ್ದುವಿನಲ್ಲಿ ಒಂದು ಚೀಟಿ ಬರೆದುಕೊಟ್ಟರು. ಹುಡುಗಿ ಬದುಕಬೇಕಾದದ್ದು ಕೊಬ್ಬಿನ ಮೇಲೆ. ಕೆನೆ, ಬೆಣ್ಣೆ, ತುಪ್ಪ, ತತ್ತಿ. ರೊಟ್ಟಿ ಒಂದು ಚೂರು. ಸಕ್ಕರೆ, ಬೆಲ್ಲ ನಾಲಿಗೆಗೂ ಸೋಕಬಾರದು. ಕೆಲವು ಮಕ್ಕಳಿಗೆ ಇದರಿಂದ ಮೂರ್ಛೆ ನಿಲ್ಲುತ್ತದೆ, ಎಲ್ಲರಿಗೂ ಅಲ್ಲ ಎಂದರು. ತತ್ತಿ ನಮ್ಮ ಮನೆಯ ಹೊಸ್ತಿಲು ದಾಟುವಂತಿರಲಿಲ್ಲ. ಉಳಿದದ್ದು ಕೆನೆ, ಅದೂ ಚಮಚ ನೆಟ್ಟಗೆ ನಿಲ್ಲುವಷ್ಟು ದಪ್ಪನೆಯದು.

ಅಂಥ ಕೆನೆ ಎಲ್ಲಿಂದ ತರಲಿ? ಗೌಳಿಯ ಹಾಲಿನಲ್ಲಿ ನೀರೋ, ನೀರಿನಲ್ಲಿ ಹಾಲೋ, ಅವನ ಎಮ್ಮೆಗೇ ಗೊತ್ತು. ಹೋಟೆಲಿನ ಕೆನೆಗೆ ಮೊದಲೇ ಸಕ್ಕರೆ ಬಿದ್ದಿರುತ್ತಿತ್ತು. ಸುರಪುರದಿಂದ ನೆಂಟರೊಬ್ಬರು ಒಂದು ಗಡಿಗೆ ಕಳಿಸಿದರು. ಬಸ್ಸು ಬರುವಷ್ಟರಲ್ಲಿ ಹುಳಿಯಾಗಿತ್ತು. ಕೂಸಿಗೆ ಬರೀ ಕೆನೆ ತಿನ್ನಿಸುವ ದೊಡ್ಡಸ್ತಿಕೆ ನೋಡಿರೆಂದು ಓಣಿಯವರು ಆಡಿಕೊಂಡರು. ನಮ್ಮ ಕಟ್ಟೆಯ ಮೇಲೆ ಗಂಡಸರು ಹೈದರಾಬಾದ್ ಸಂಸ್ಥಾನ ಒಡೆಯಬೇಕೋ, ನಾವು ಯಾರ ಜೊತೆ ಸೇರಬೇಕೋ ಎಂದು ಗಂಟಲು ಹರಿದುಕೊಳ್ಳುತ್ತಿದ್ದರು. ಯಾರ ಜೊತೆಗಾದರೂ ಸೇರಿಕೊಳ್ಳಿ, ನನಗೆ ಒಂದು ಬಟ್ಟಲು ಕೆನೆ ಕೊಡಿಸಿ ಎಂದು ಕಿರುಚಬೇಕು ಅನಿಸುತ್ತಿತ್ತು. ಕಿರುಚಲಿಕ್ಕೂ ತ್ರಾಣವಿರಲಿಲ್ಲ.

ಒಂದು ದಿನ ಮಗಳು ಅದೇ ಕಟ್ಟೆಯ ಕೆಳಗೆ ಬಿದ್ದಳು. ನಾನು ಓಡಿಬರುವಷ್ಟರಲ್ಲಿ, ಕಂಬಳಿ ಮಾರಲು ಬಂದಿದ್ದ ಹೆಂಗಸೊಬ್ಬಳು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಮಗ್ಗುಲಿಗೆ ಹೊರಳಿಸಿ, ಸುಮ್ಮನೆ ಬೆನ್ನು ಸವರುತ್ತಿದ್ದಳು. ಕೀಲಿಕೈ ಕೇಳಲಿಲ್ಲ, ಗದ್ದಲ ಮಾಡಲಿಲ್ಲ. ಕೂಸಿಗೆ ಎಚ್ಚರವಾದ ಮೇಲೆ ನಾನು ಅಳುತ್ತ ಕೆನೆಯ ಪಾಡು ಹೇಳಿಕೊಂಡೆ.

"ಕುರಿ ಹಾಲು ಕಾಸಿದ್ರ ರೊಟ್ಟಿಯಂಗ ಕೆನಿ ಕಟ್ಟತೈತ್ರಿ" ಎಂದಳು.

ಏನು ದರ ಎಂದು ಕೇಳಿದೆ. ಆಕೆಗೆ ಸಿಟ್ಟೇ ಬಂತು. "ಕುರಿ ಹಾಲು ಮಾರಂಗಿಲ್ರಿ. ಅದು ಮರೀದು. ಮಾರಿದ್ರ ಹಿಂಡು ಒಣಗಿ ಹೋಗತೈತಿ. ಕೂಸಿಗಂದ್ರ ಸುಮ್ನ ಕೊಡ್ತೀನಿ."

ಮರುದಿನದಿಂದ ಶುರುವಾಯಿತು. ಒಳಗೆ ಬಾ ಎಂದರೆ ಬರುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತು, ಎಲೆಗೆ ಸುಣ್ಣ ಸವರುತ್ತ, ಓಣಿಯ ಒಬ್ಬೊಬ್ಬರ ನಡಿಗೆಯನ್ನೂ ಒಂದೊಂದು ಕುರಿಯ ನಡಿಗೆಗೆ ಹೋಲಿಸಿ ನಗುತ್ತಿದ್ದಳು. ನನ್ನ ಮುಖ ನೋಡಿ ಒಮ್ಮೆ ಗದರಿದಳು: "ದಣದ ಕುರೀನ ಬಡದ್ರ ನಡೀತೈತೇನ್ರಿ? ಕುಂದರಸಬೇಕು. ಕುಂದರ್ರಿ ನೀವು." ಆ ವರ್ಷಗಳಲ್ಲಿ ನನಗೆ ಕುಳಿತುಕೋ ಎಂದವಳು ಆಕೆ ಒಬ್ಬಳೇ.

ಮೂರ್ಛೆ ಕಡಿಮೆಯಾಯಿತು, ಆದರೆ ನಿಲ್ಲಲಿಲ್ಲ. ದಿನಕ್ಕೆ ಒಂದಾದರೂ ಬರುತ್ತಿತ್ತು. ನಮ್ಮ ಕೂಸು ಆ 'ಕೆಲವು ಮಕ್ಕಳ' ಲೆಕ್ಕದಲ್ಲಿ ಇಲ್ಲವೆಂದು ನಮ್ಮವರು ಚೀಟಿಯನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟರು. ಹೀಗೆ ಎರಡು ತಿಂಗಳು ಕಳೆದಿರಬೇಕು. ಒಂದು ಬೆಳಿಗ್ಗೆ ಮಗಳು ತಂಬಿಗೆಯ ತಳಕ್ಕೆ ಬೆರಳು ಹಾಕಿ ನೆಕ್ಕಿ, "ಅವ್ವಾ, ಕೆಳಗ ಸಿಹಿ ಐತಿ" ಎಂದಳು. ನಾನೂ ನೆಕ್ಕಿ ನೋಡಿದೆ. ಬೆಲ್ಲ.

ಕುರಿಯಾಕಿ ಇನ್ನೂ ಕಟ್ಟೆಯ ಮೇಲೆಯೇ ಇದ್ದಳು. ಕೇಳಿದರೆ ಏನೂ ಮುಚ್ಚಿಡಲಿಲ್ಲ. "ಬೆಳ್ಳನ ಹಾಲು, ಕೆನಿ ಬರೇ ಹಂಗ ಮನಿ ದಾಟಸಬಾರದ್ರಿ, ದೃಷ್ಟಿ ಆಗತೈತಿ. ಅದಕ್ಕ ದಿನಾ ಒಂದು ಹಳ್ಳು ಬೆಲ್ಲ ಹಾಕ್ತೀನಿ."

"ನನ್ನ ಮಗಳ್ನ ಕೊಲ್ಲಾಕ ಬಂದೀಯೇನ ನೀನು?" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ. ಆ ಪದ್ಧತಿ ನನಗೆ ಗೊತ್ತಿಲ್ಲದ್ದಲ್ಲ. ನಾನೂ ನೆರೆಮನೆಗೆ ಹಾಲು ಕೊಡುವಾಗ ಚಿಟಿಕೆ ಬೆಲ್ಲ ಹಾಕಿಯೇ ಕೊಡುವವಳು. ಕೆನೆ ಬೇಕೆಂದು ಹೇಳಿದ್ದೆನೇ ಹೊರತು ಸಿಹಿ ಸೋಕಬಾರದೆಂದು ಆಕೆಗೆ ಹೇಳಿರಲಿಲ್ಲ. ತಪ್ಪು ನನ್ನದೇ ಎಂಬುದು ಕೂಗುತ್ತಿರುವಾಗಲೇ ತಿಳಿದಿತ್ತು, ಅದಕ್ಕೇ ಇನ್ನಷ್ಟು ಜೋರಾಗಿ ಕೂಗಿದೆ. ಆಕೆ ಎದ್ದು ಹೋದಳು.

ಇನ್ನು ಬರುವುದಿಲ್ಲ ಎಂದುಕೊಂಡೆ. ಮರುದಿನ ಅದೇ ಹೊತ್ತಿಗೆ ಬಂದಳು. ಕೆನೆಯ ಮೇಲೆ ಒಂದು ಇದ್ದಿಲ ಚೂರು ಕೂತಿತ್ತು. "ದೃಷ್ಟಿಗೆ ಕರೀದು ಇದ್ರೂ ನಡೀತೈತಿ. ಇದ್ದಿಲದಾಗ ಸಿಹಿ ಇರಂಗಿಲ್ಲಲ್ರಿ? ತಗದು ಉಣ್ಣಸ್ರಿ" ಎಂದಳು. ತಪ್ಪಾಯಿತು ಎನ್ನಲು ನನಗೆ ಬಾಯಿ ಬರಲಿಲ್ಲ. ತಂಬಿಗೆ ಇಸಿದುಕೊಂಡು ಒಳಗೆ ನಡೆದೆ.

ಆ ತಿಂಗಳು ಮುಗಿಯುವುದರೊಳಗೆ ಮೂರ್ಛೆ ವಾರಕ್ಕೊಂದಾಯಿತು. ಆಮೇಲೆ ನಿಂತಿತು. ಎರಡು ವರ್ಷ ಪಥ್ಯ ನಡೆಯಿತು, ಎರಡೂ ವರ್ಷ ಕೆನೆ ಬಂತು. ಚಳಿ, ಮಳೆ, ಬಿಸಿಲು ಎನ್ನದೆ ಬಂತು. ಡಾಕ್ಟರು ಒಪ್ಪಿದ ಮೇಲೆ ನಿಧಾನವಾಗಿ ಊಟ ಬದಲಿಸಿ, ಕೊನೆಗೊಂದು ದಿನ ಮಗಳು ಇಡೀ ಜೋಳದ ರೊಟ್ಟಿ ಉಂಡಾಗ ನಾನು ಮೂಲೆಯಲ್ಲಿ ಮಲಗಿ ಎರಡು ದಿನ ನಿದ್ದೆ ಮಾಡಿದೆ. ನಮ್ಮವರಿಗೆ ಯಾದಗಿರಿಗೆ ವರ್ಗವಾಯಿತು. ಹೋಗಿಬರುತ್ತೇನೆಂದು ಆಕೆಗೆ ಹೇಳಿದ್ದೆನೋ ಇಲ್ಲವೋ ನೆನಪಿಲ್ಲ.

ಕುರಿಯಾಕಿ ತೀರಿಹೋದಳೆಂಬ ಸುದ್ದಿ ನಾಲ್ಕು ವರ್ಷದ ಮೇಲೆ ಬಂತು. ಮಗಳನ್ನು ಕರೆದುಕೊಂಡು ಶಹಾಪುರದ ಆಚೆ ಅವರ ಹಟ್ಟಿಗೆ ಹೋದೆ. ಸೊಸೆ ಕಂಬಳಿ ಹಾಸಿ ಕೂರಿಸಿದಳು. ಮಗಳನ್ನು ಬಹಳ ಹೊತ್ತು ನೋಡಿ, "ಈಕೀನ ಏನ್ರಿ ಆ ಕೂಸು?" ಎಂದಳು. ಹೌದೆಂದೆ.

"ಸುಗ್ಗಿ ಮುಗದ ಮ್ಯಾಲ ನಾವೆಲ್ಲಾ ಹಿಂಡು ಹೊಡಕೊಂಡು ಹೊಳಿ ದಂಡಿಗೆ ಹೋಗ್ತೀವ್ರಿ, ಮಳಿ ಬಿದ್ದ ಮ್ಯಾಲೇ ಬರೋದು. ಆ ಎರಡು ವರ್ಷ ಅತ್ತಿ ಬರಲಿಲ್ಲ. ಮಾವನ ಕೂಡ ಜಗಳಾಡಿ, ಈದ ಕುರಿ ಹಿಡಕೊಂಡು ಇಲ್ಲೇ ಒಬ್ಬಾಕೀನ ಉಳದ್ಲು. ನನ್ನ ಚೊಚ್ಚಲ ಹೆರಿಗಿ ಹೊಲದಾಗ ಆತ್ರಿ, ಬಯಲಾಗ. ಹೋಗೂ ಮುಂದ ಅತ್ತೀಗೆ ಕೈ ಮುಗದೆ, ನೀ ಬಾ ಅಂತ. 'ನೀ ಗಟ್ಟಿ ಅದಿ, ಶಹಾಪುರದಾಗ ಒಂದು ಕೂಸು ಐತಿ' ಅಂದ್ಲು."

ಆಕೆಯ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಬೇಸಿಗೆಯಲ್ಲಿ ಹಿಂಡುಗಳು ಊರು ಬಿಡುತ್ತವೆಂಬುದು ನಮ್ಮ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಎರಡು ಬೇಸಿಗೆ ದಿನಾ ಬೆಳಿಗ್ಗೆ ಆಕೆಯ ಕೈಯಿಂದ ತಂಬಿಗೆ ಇಸಿದುಕೊಂಡಿದ್ದೇನೆ. ನೀನೇಕೆ ಹೋಗಲಿಲ್ಲ, ನಿನ್ನ ಮನೆಯಲ್ಲಿ ಯಾರಿದ್ದಾರೆ ಎಂದು ಒಂದು ದಿನವೂ ಕೇಳಿರಲಿಲ್ಲ.