ಹೊಂಡಕ್ಕೆ ತೂತು ಮಾಡದ ಬಿಲ್ಲು

ಆ ರವಿವಾರ ಮಧ್ಯಾಹ್ನ ದೊಡವಾಡದ ಹೊಲದಲ್ಲಿ ನಾನು ಮತ್ತು ಅಕ್ಕನ ಗಂಡ ಬದನೆಕಾಯಿಗೆ ಬಾಣ ಬಿಡುತ್ತಿದ್ದೆವು. ಅಕ್ಕ ಬದುವಿನ ಮೇಲೆ ಕುಳಿತು ನಗುತ್ತಿದ್ದಳು.

ಅಕ್ಕನ ಗಂಡನಿಗೆ ನಮ್ಮ ಕಡೆ ಮಾವ ಅನ್ನುವುದು, ಅವರಿಗೆ ನಾನು ಅಳಿಯ. ಮಾವನ ಕೃಷಿ ಹೊಂಡದಲ್ಲಿ ಜಿಲೇಬಿ ಮೀನು ವಿಪರೀತ ಹೆಚ್ಚಿದ್ದವು. ಯಾರೋ ಕೊಟ್ಟ ಮರಿಗಳನ್ನು ಒಂದು ಕೊಡದಲ್ಲಿ ತಂದು ಬಿಟ್ಟಿದ್ದರು, ಅಷ್ಟಕ್ಕೇ ಹೀಗಾಗಿತ್ತು. ಬಲೆ ಹಾಕಿದರೆ ಅದರ ಅಂಚಿನ ಸೀಸದ ಗುಂಡುಗಳು ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆಯನ್ನು ಉಜ್ಜುತ್ತವೆ ಎಂದು ಅಕ್ಕ ಬೇಡ ಅಂದಿದ್ದಳು. ಗಾಳ ಹಿಡಿದು ಕೂರುವ ತಾಳ್ಮೆ ಮಾವನಿಗಿರಲಿಲ್ಲ. ಬಿಲ್ಲಿನಿಂದ ಮೀನು ಹೊಡೆಯುವುದನ್ನು ಫೋನಿನಲ್ಲಿ ನೋಡಿದ ಮೇಲೆ ಅವರಿಗೆ ಬೇರೆ ಮಾತೇ ಇರಲಿಲ್ಲ. ಬಾಣಕ್ಕೆ ದಾರ ಕಟ್ಟಿರುತ್ತದೆ, ಹೊಡೆದು ಎಳೆದುಕೊಂಡರಾಯಿತು. ಮೀನು ಕಂಡಲ್ಲಿ ಇರುವುದಿಲ್ಲ, ಅದಕ್ಕಿಂತ ಕೆಳಗೆ ಗುರಿ ಹಿಡಿಯಬೇಕು ಎಂದು ನೀರಿಗೆ ಇಳಿಯದೆಯೇ ನನಗೆ ಪಾಠ ಹೇಳುತ್ತಿದ್ದರು.

ಎಂಥ ಬಿಲ್ಲು ಎನ್ನುವುದೇ ನಮ್ಮ ತಕರಾರು. ಸವದತ್ತಿಯಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ. ತಿರುಗುವುದೆಲ್ಲ ನನಗೆ ಚಂದ. ಎರಡೂ ತುದಿಗೆ ಗಾಲಿ ಇರುವ ಬಿಲ್ಲನ್ನು ಧಾರವಾಡದ ಗೆಳೆಯನಿಂದ ಕೇಳಿ ತಂದಿದ್ದೆ. ಮಾವ ಬಿದಿರು ಸೀಳಿ, ಬೆಂಕಿಗೆ ಕಾಯಿಸಿ ಬಗ್ಗಿಸಿ, ತಾವೇ ಒಂದು ಮಾಡಿದ್ದರು. ಅಕ್ಕನಿಗೆ ಎರಡರ ಮೇಲೂ ನಂಬಿಕೆಯಿಲ್ಲ. ಹೊಂಡದ ನೀರು ಅವಳ ಮೆಣಸಿನಗಿಡಕ್ಕೆ ಬೇಕು.

"ಹಾಳಿಗೆ ಒಂದ್ ತೂತು ಬಿತ್ತಂದ್ರ ಇಬ್ರಿಗೂ ನನ್ನ ಕೈಯಾಗಿನ ಊಟ ಬಂದ್," ಎಂದಿದ್ದಳು.

ಅದಕ್ಕೇ ಮೀನಿನ ಬದಲು ಆ ಬದನೆಕಾಯಿ. ದನ ನೀರು ಕುಡಿಯುವ ಬಾನಿಯ ತಳಕ್ಕೆ ಮಣ್ಣು ಹಾಕಿ, ಉಳಿದಿದ್ದ ಹಾಳೆಯ ತುಂಡು ಹಾಸಿ, ನೀರು ತುಂಬಿ, ಬದನೆಕಾಯಿಗೆ ಕಲ್ಲು ಕಟ್ಟಿ ಮುಳುಗಿಸಿದ್ದೆವು. ಮೊದಲು ನನ್ನ ಸರದಿ. ಗಾಲಿಬಿಲ್ಲನ್ನು ಪೂರ್ತಿ ಎಳೆದ ಮೇಲೆಯೇ ಅದು ಕೈಗೆ ಹಗುರಾಗುವುದು. ಎಳೆದು, ನಿಂತು, ಸಾವಕಾಶ ಗುರಿ ಹಿಡಿದೆ.

"ಅಳಿಯಾ, ಅಷ್ಟರಾಗ ನಿನ್ನ ಮೀನ ಊರಿಗೆ ಹೋಗಿ ಲಗ್ನಾ ಮಾಡ್ಕೊಂಡ್ ಬಂತು," ಎಂದರು ಮಾವ.

ಬಿಟ್ಟೆ. ಬಾಣ ಬದನೆಕಾಯನ್ನು ತೂರಿ, ಹಾಳೆ ಹರಿದು, ಮಣ್ಣಿನಲ್ಲಿ ನಾಟಿಕೊಂಡಿತು. ಊಟ ಬಂದ್ ಎಂದು ಅಕ್ಕ ಅಲ್ಲಿಂದಲೇ ಸಾರಿದಳು.

ಹಾಳೆಯನ್ನು ಸರಿಸಿ ಹಾಸಿ ಮಾವ ತಮ್ಮ ಬಿದಿರಿನದನ್ನು ಎತ್ತಿಕೊಂಡರು. ಥಟ್ಟನೆ ಎಳೆದು ಥಟ್ಟನೆ ಬಿಟ್ಟರು. ಗುರಿ ಸರಿಯಾಗಿಯೇ ಇತ್ತು. ಆದರೆ ಜೋರಿಲ್ಲದ ಬಾಣ ಬದನೆಕಾಯಿಯ ಬೆನ್ನು ಸವರಿ ಪಕ್ಕಕ್ಕೆ ತೇಲಿತು.

"ಮೀನಿಗೆ ಕಚಗುಳಿ ಇಟ್ರಿ ನೋಡ್ರಿ ಮಾವಾರ," ಎಂದೆ. ಅವರಿಗೇ ನಗು ತಡೆಯಲಾಗಲಿಲ್ಲ.

ಸಂಜೆ ನನ್ನನ್ನು ಬಸ್ಸಿಗೆ ಬಿಡಲು ಬಂದಾಗಲೂ ಮಾವನದು ಅದೇ ಮಾತು. "ಎರಡರ ನಡುವಿಂದು ಒಂದು ಇದ್ದ ಇರತೈತಿ. ಮುಂದಿನ ಐತಾರ ಬಾ, ಕೂಡೇ ಹುಡುಕೂಣು," ಎಂದರು.

ಆ ರವಿವಾರ ಬರುವ ಮೊದಲೇ ಹೊಲದಲ್ಲಿ ಎದೆ ಹಿಡಿದುಕೊಂಡು ಕುಳಿತ ಮಾವ ಮತ್ತೆ ಏಳಲಿಲ್ಲ.

ಗಾಲಿಬಿಲ್ಲನ್ನು ಧಾರವಾಡಕ್ಕೆ ಮರಳಿಸಿದೆ. ಬಹಳ ದಿನ ಆ ವಿಷಯ ಯಾರೂ ಎತ್ತಲಿಲ್ಲ. ಮಳೆಗಾಲ ಮುಗಿದ ಮೇಲೆ ಒಂದು ದಿನ ಅಕ್ಕನೇ ಫೋನ್ ಮಾಡಿದಳು. ಹೊಂಡದ ತುಂಬ ಮೀನೇ ಆಗಿವೆ, ಒಂದೂ ಬೆಳೆಯುತ್ತಿಲ್ಲ ಎಂದಳು. ಆಮೇಲೆ "ನಡುವಿಂದು ಸಿಕ್ತೇನೋ ತಮ್ಮಾ?" ಎಂದು ಕೇಳಿದಳು.

ಹುಡುಕಿದೆ. ಕಲಿಯುವವರಿಗೆಂದು ಮಾಡಿದ ಮರದ ಬಿಲ್ಲು ಸಿಕ್ಕಿತು. ಗಾಲಿ ಇಲ್ಲ, ತುದಿಗಳು ತುಸು ಮುಂದಕ್ಕೆ ಬಾಗಿವೆ. ಎಷ್ಟು ಎಳೆದರೆ ಅಷ್ಟೇ ಜೋರು, ಅರ್ಧ ಎಳೆದೂ ಬಿಡಬಹುದು. ಅಂಗಡಿಯಲ್ಲಿದ್ದ, ತಂತಿ ಸುತ್ತುವ ಹಳೆಯ ಬಾಬಿನ್‌ಗೆ ಬಾಣದ ದಾರ ಸುತ್ತಿ ಬಿಲ್ಲಿನ ನಡುವಿಗೆ ಕೂರಿಸಿದೆ. ದೊಡವಾಡಕ್ಕೆ ಹೋದೊಡನೆ ಅಕ್ಕ ಬಾನಿಗೆ ಮಣ್ಣು, ಹಾಳೆ, ಬದನೆಕಾಯಿ ಎಲ್ಲ ಸಿದ್ಧ ಮಾಡಿದಳು. ನಾನು ಬಿಟ್ಟ ಬಾಣ ಬದನೆಕಾಯಿಯಲ್ಲಿ ಸಿಕ್ಕಿಕೊಂಡು ನಿಂತಿತು. ಅವಳು ಹಾಳೆ ತೆಗೆದು ಬಿಸಿಲಿಗೆ ಹಿಡಿದು ಮೂಲೆ ಮೂಲೆ ನೋಡಿದಳು. ತೂತಿರಲಿಲ್ಲ.

ಹೊಂಡದ ದಡದಲ್ಲಿ ಮಾತ್ರ ನನಗೆ ಗುರಿ ಸಿಗಲಿಲ್ಲ. ಮೀನು ಕಂಡಲ್ಲಿಗೇ ಬಿಡುತ್ತಿದ್ದೆ. ದಾರ ಎಳೆದಾಗಲೆಲ್ಲ ಖಾಲಿ ಬಾಣ ಬರುತ್ತಿತ್ತು. ಕೊನೆಗೆ ಅಕ್ಕ ಸೆರಗು ಸಿಕ್ಕಿಸಿಕೊಂಡು ಎದ್ದು ಬಂದಳು. "ತೆಳಗ ಹಿಡಿ ಅಂತ ಅವರು ನಿನಗ ಹೇಳೂದನ್ನ ನಾ ಕೇಳಿ ಕೇಳಿ ಕಲ್ತೇನಿ, ತಾ ಇಲ್ಲಿ," ಎಂದು ಬಿಲ್ಲು ಕಸಿದುಕೊಂಡಳು. ಅರ್ಧವೇ ಎಳೆದು ಬಿಟ್ಟಳು. ದಾರ ಬಿಗಿಯಾಯಿತು.

ಅಂಗೈಗಿಂತ ತುಸು ದೊಡ್ಡ ಮೀನು. ಅವಳು ಅದನ್ನು ಎತ್ತಿ ಹಿಡಿದು ಮುಖ ಅರಳಿಸಿ ನಗುವುದನ್ನು ಎಷ್ಟೋ ತಿಂಗಳ ಮೇಲೆ ನೋಡಿದೆ. ಆ ದಿನ ರೊಟ್ಟಿಯ ಜೊತೆ ಹುರಿದ ಮೀನು. ನನ್ನ ಊಟ ಬಂದ್ ಆಗಲಿಲ್ಲ.

ಈಗ ನಾನೂ ಆಗೊಮ್ಮೆ ಈಗೊಮ್ಮೆ ಹೊಡೆಯುತ್ತೇನೆ. ಹಾಳೆ ಹಾಗೇ ಇದೆ, ನೀರು ಮೆಣಸಿನಗಿಡಕ್ಕೆ ಹೋಗುತ್ತಿದೆ. ಬಿದಿರಿನ ಬಿಲ್ಲು ಪಂಪ್‌ಸೆಟ್ ಕೋಣೆಯ ಗೂಟಕ್ಕೆ ನೇತಾಡುತ್ತಿದೆ. ಗುರಿ ಹಿಡಿದು ನಾನು ಬಹಳ ಹೊತ್ತು ನಿಂತರೆ, ನಿನ್ನ ಮೀನ ಲಗ್ನಾ ಮಾಡ್ಕೊಂಡ್ ಬಂತು ಎಂದು ಈಗ ಯಾರೂ ಅನ್ನುವುದಿಲ್ಲ.