ಹೊಳೆಯುವ ಲೆನ್ಸನ್ನು ನಂಬದ ಹರಿಣಾಕ್ಷಿ

ವರ್ಕಾಡಿಯ ಹರಿಣಾಕ್ಷಿ ಮೊದಲು ಮೂಸುತ್ತಾರೆ, ಆಮೇಲೆ ನೋಡುತ್ತಾರೆ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಜಗಲಿಯ ಚಾಪೆಯ ಮೇಲೆ ಎರಡು ಹಳೆಯ ಕ್ಯಾಮರಾ ಲೆನ್ಸುಗಳಿವೆ. ಒಂದನ್ನು ಮೂಗಿನ ಹತ್ತಿರ ಹಿಡಿದುಕೊಂಡು, ಅದನ್ನು ಮಾರಲು ಬಾಯಾರು ಎಂಬ ಊರಿನಿಂದ ಬಂದಿರುವ ಯತಿನ್‌ನ ಮುಖವನ್ನೇ ದಿಟ್ಟಿಸುತ್ತಾರೆ.

"ದುಬೈಯದ್ದು ಅಂತ ಹೇಳಿದೆಯಲ್ಲ?"

"ಹೌದು ಅಕ್ಕ. ಅಪ್ಪ ತಂದದ್ದು."

"ದುಬೈಯಲ್ಲಿ ಕಟ್ಟಿಗೆ ಒಲೆ ಉಂಟಾ ಮಾರಾಯ? ಹೊಗೆ ವಾಸನೆ ಬರ್ತದಲ್ಲ."

ರೀಲು ಹಾಕುವ ಹಳೆಯ ಕ್ಯಾಮರಾಗಳ ಮೇಲೆ ಈಗಿನ ಹುಡುಗ ಹುಡುಗಿಯರಿಗೆ ಮತ್ತೆ ಪ್ರೀತಿ ಹುಟ್ಟಿದೆ. ತಿರುಪಿ ಕೂರಿಸುವ ಆ ಲೆನ್ಸುಗಳಲ್ಲಿ ಹೆಚ್ಚಿನವು ಹಳೆಯವೇ ಸಿಗಬೇಕು. ನಮ್ಮ ಕಡಲ ಗಾಳಿಗೆ ಗಾಜಿನೊಳಗೂ ಬೂಸ್ಟು ಹಿಡಿಯುತ್ತದೆ. ಹಾಗಾಗಿ ಮಾರುವವರೆಲ್ಲ ತಮ್ಮದು ಗಲ್ಫಿನ ಒಣಹವೆಯಲ್ಲಿ ಇದ್ದದ್ದು ಎನ್ನುತ್ತಾರೆ. ಅವುಗಳಲ್ಲಿ ಅರ್ಧಕ್ಕರ್ಧ ವಿಮಾನವನ್ನೇ ಕಂಡಿಲ್ಲ ಎಂಬುದು ಹರಿಣಾಕ್ಷಿಯವರ ಅನುಮಾನ.

ನನಗೂ ಅನುಮಾನವಿತ್ತು. ಕೊಳ್ಳುವವರಿಗೆ ಹಳೆಯ ಲೆನ್ಸುಗಳನ್ನು ಪರೀಕ್ಷಿಸಿ ಆರಿಸಿಕೊಡುವುದು ಹರಿಣಾಕ್ಷಿಯವರ ಕಸುಬು. ಇದೂ ಒಂದು ಕೆಲಸವೇ, ದಲ್ಲಾಳಿತನಕ್ಕೆ ಇಟ್ಟ ಚಂದದ ಹೆಸರಿರಬೇಕು ಎಂದುಕೊಂಡೇ ಬಂದಿದ್ದೆ. ಅವರೇನು ಕಡಿಮೆ? ಗಂಡ ಮುದ್ದಣ್ಣನವರಿಗೆ ಫೋನು ಮಾಡಿ ವಿಚಾರಿಸುವವರೆಗೂ ನನ್ನನ್ನು ಅಂಗಳದಲ್ಲೇ ನಿಲ್ಲಿಸಿದ್ದರು. "ಪೇಪರಿನವರು ಇಷ್ಟು ಬೇಗ ಏಳ್ತಾರಾ?" ಎಂಬುದು ಅವರ ಪ್ರಶ್ನೆ.

ಮುದ್ದಣ್ಣನವರಿಗೆ ಹಿಂದೆ ಸ್ಟುಡಿಯೋ ಇತ್ತು. ಹರಿಣಾಕ್ಷಿ ಹಗಲು ಬೀಡಿ ಕಟ್ಟಿ, ಸಂಜೆ ಕತ್ತಲೆಕೋಣೆಯಲ್ಲಿ ರೀಲು ತೊಳೆಯುತ್ತಿದ್ದರು. ಮೊಬೈಲು ಬಂತು, ಸ್ಟುಡಿಯೋ ಮುಚ್ಚಿತು. ಮುದ್ದಣ್ಣ ಈಗ ಆಟೋ ಓಡಿಸುತ್ತಾರೆ. ಇವರ ಕೈಯಲ್ಲಿ ಉಳಿದದ್ದು ಟಾರ್ಚು ಮತ್ತು ಸಂಶಯ.

ಆ ಸಂಶಯ ಹುಟ್ಟಿದ್ದಕ್ಕೂ ಕಾರಣವುಂಟು. ಸ್ಟುಡಿಯೋ ಕಾಲದಲ್ಲಿ ಸೋದರಮಾವ ಕೊಟ್ಟ ಲೆನ್ಸನ್ನು ಅವರು ಪರೀಕ್ಷಿಸದೆ ಒಂದು ಮದುವೆಗೆ ಕಳಿಸಿದ್ದರು. "ಮಾವನ ಎದುರು ಟಾರ್ಚ್ ಹಿಡಿಯುವುದು ಹೇಗೆ? ಬೇಜಾರು ಮಾಡ್ತಾರೆ ಅಂತ ಸುಮ್ಮನಾದೆ," ಎನ್ನುತ್ತಾರೆ. ಎಲ್ಲ ಫೋಟೋಗಳಲ್ಲೂ ಎಡಬದಿ ಕಲಸಿಹೋಗಿತ್ತು. ಆ ಬದಿಯಲ್ಲಿ ನಿಂತಿದ್ದವರು ಅಡುಗೆಯ ಕುಂಞಣ್ಣ. ಊರಿನ, ಪರವೂರಿನ ಮದುವೆಗಳಿಗೆಲ್ಲ ಬೇಯಿಸಿ ಬಡಿಸಿದ ಮನುಷ್ಯನನ್ನು ಫೋಟೋಕ್ಕೆ ಕರೆದು ನಿಲ್ಲಿಸಿದ್ದು ಅದೇ ಮೊದಲು. "ಅಂಗಿ ಕಾಣ್ತದೆ, ಮುಖ ಇಲ್ಲ. ಅದನ್ನೇ ಅವರು ಕಟ್ಟು ಹಾಕಿಸಿ ಮನೆ ಗೋಡೆಗೆ ತೂಗಿದ್ದಾರೆ. ಆ ಮನೆ ಎದುರು ಹೋಗ್ಲಿಕ್ಕೆ ನನಗೆ ನಾಚಿಕೆ."

ಇವತ್ತಿನ ಪರೀಕ್ಷೆಯೂ ಮದುವೆಯದ್ದೇ. ಚಾಪೆಯ ಆಚೆ ಬದಿಯಲ್ಲಿ ಕೂತಿರುವ ಅಡೂರಿನ ಸುಪ್ರೀತಾ ತಂಗಿಯ ಮದುವೆಯನ್ನು ಚಿಕ್ಕಪ್ಪನ ಹಳೆಯ ಕ್ಯಾಮರಾದಲ್ಲಿ ತೆಗೆಯಬೇಕು. ರೀಲಿನ ತಪ್ಪು ತೊಳೆದ ಮೇಲೆಯೇ ಕಾಣುವುದು, ಆಗ ಮದುವೆಯನ್ನು ಎರಡನೇ ಸಲ ಮಾಡಿಸಲಾಗುವುದಿಲ್ಲ. ಚಾಪೆಯ ಮೇಲಿರುವ ಎರಡನೇ ಲೆನ್ಸನ್ನು ಅವಳೇ ಆನ್‌ಲೈನಿನಲ್ಲಿ ತರಿಸಿದ್ದಾಳೆ. ಅದು ಫಳಫಳ ಹೊಳೆಯುತ್ತದೆ. ಅವಳ ಮನಸ್ಸು ಅದರ ಮೇಲೆಯೇ.

ಯತಿನ್ ತಲೆ ಕೆರೆದುಕೊಂಡು ವಿಷಯ ಬಿಡಿಸಿ ಹೇಳುತ್ತಾನೆ. "ಅಪ್ಪ ದುಬೈಯಿಂದಲೇ ತಂದದ್ದು ಅಕ್ಕ. ಮಳೆಗಾಲದಲ್ಲಿ ಪಸೆ ಹಿಡಿಯಬಾರದು ಅಂತ ಅಮ್ಮ ಒಲೆ ಮೇಲಿನ ಅಟ್ಟದಲ್ಲಿಟ್ರು. ಹುಣಸೆಹುಳಿ ಭರಣಿಯ ಹತ್ತಿರ."

ಹರಿಣಾಕ್ಷಿಗೆ ನಗು ತಡೆಯಲಾಗುವುದಿಲ್ಲ. ಆದರೂ ಟಾರ್ಚು ಬೆಳಗುತ್ತದೆ. ಅರೆಗತ್ತಲಲ್ಲೇ ಗಾಜಿನ ಗುಟ್ಟು ಕಾಣುವುದಂತೆ. ಬೂಸ್ಟು ಇಲ್ಲ, ಹೊಗೆಯ ತೆಳು ಪೊರೆ ಮಾತ್ರ ಇದೆ. ಸ್ಕ್ರೂಗಳನ್ನು ಯಾರೂ ಮುಟ್ಟಿಲ್ಲ. ಹೊಳೆಯುವ ಲೆನ್ಸಿನ ಸ್ಕ್ರೂಗಳ ತಲೆಯಾದರೋ ತರಚಿಹೋಗಿದೆ.

"ಇದನ್ನು ಬಿಚ್ಚಿ ತೊಳೆದಿದ್ದಾರೆ. ತೊಳೆದದ್ದು ತಪ್ಪಲ್ಲ. ಮಾರಿದವರು ಅದನ್ನು ಹೇಳ್ಲಿಲ್ಲ ಯಾಕೆ?"

ಬೆಳ್ಳಗಿರುವುದೆಲ್ಲ ಹಾಲಲ್ಲ. ಬೆಳಕು ಏರಿದ ಮೇಲೆ ಅವರು ಸುಪ್ರೀತಾಳ ಕ್ಯಾಮರಾಕ್ಕೆ ಲೆನ್ಸುಗಳನ್ನು ಒಂದೊಂದಾಗಿ ಹಾಕಿ, ಅದರ ಹಿಂಬಾಗಿಲು ತೆರೆದು, ರೀಲು ಕೂರುವ ಜಾಗಕ್ಕೆ ಟ್ರೇಸಿಂಗ್ ಕಾಗದ ಅಂಟಿಸಿ, ಎದುರಿನ ಕಿಟಕಿಯ ಸರಳುಗಳನ್ನು ಅದರ ಮೇಲೆ ಮೂಡಿಸುತ್ತಾರೆ. ಹೊಳೆಯುವ ಲೆನ್ಸಿನಲ್ಲಿ ನಡುವಿನ ಸರಳುಗಳು ಚೂಪಾಗಿವೆ, ಒಂದು ಮೂಲೆಯವು ಕಲಸಿವೆ; ಬಿಚ್ಚಿದವರು ಗಾಜನ್ನು ಮತ್ತೆ ಸರಿಯಾಗಿ ಕೂರಿಸಿಲ್ಲ. ಹೊಗೆಯ ಲೆನ್ಸಿನಲ್ಲಿ ಎಲ್ಲವೂ ತುಸು ಮಸುಕು, ಆದರೆ ಮೂಲೆಯವರೆಗೂ ನೆಟ್ಟಗೆ ನಿಂತಿವೆ.

"ಇದನ್ನೇ ಹಾಕು. ಬೆಳಕಿಗೆ ಎದುರಾಗಿ ತೆಗೀಬೇಡ," ಎಂದು ಸುಪ್ರೀತಾಳಿಗೆ ಹೇಳುತ್ತಾರೆ. ಅವಳು ಒಪ್ಪುತ್ತಾಳೆ, ಮುಖದಲ್ಲಿ ಅನುಮಾನ ಇಟ್ಟುಕೊಂಡೇ. ನನ್ನದೂ ಹೋಗಿರಲಿಲ್ಲ.

ಮದುವೆ ಕಳೆದು, ರೀಲು ತೊಳೆದು ಬಂದ ದಿನ ಮತ್ತೆ ಹೋಗುತ್ತೇನೆ. ಈ ಸಲ ಅಂಗಳದಲ್ಲಿ ನಿಲ್ಲಿಸುವುದಿಲ್ಲ. ಸುಪ್ರೀತಾ ಫೋಟೋಗಳನ್ನು ಚಾಪೆಯಲ್ಲಿ ಹರಡುತ್ತಾಳೆ. "ಸ್ವಲ್ಪ ಮಸುಕು ಉಂಟು ಅಕ್ಕ. ಆದ್ರೂ ತಂಗಿ ಚಂದ ಬಂದಿದ್ದಾಳಲ್ಲ?"

ಹರಿಣಾಕ್ಷಿ ಮದುಮಗಳನ್ನು ನೋಡುವುದೇ ಇಲ್ಲ. ಭೂತಗನ್ನಡಿ ಎಡಮೂಲೆಗೆ ಸರಿಯುತ್ತದೆ, ಅಲ್ಲೇ ನಿಲ್ಲುತ್ತದೆ. ಹೆಗಲ ಮೇಲೆ ಕೈ ಒರೆಸುವ ಬೈರಾಸು ಹಾಕಿಕೊಂಡ ಮುದುಕರೊಬ್ಬರು ಅಭ್ಯಾಸದಂತೆ ಸಾಲಿನ ತುದಿಯಲ್ಲಿ ನಿಂತಿದ್ದಾರೆ. ಕುಂಞಣ್ಣ. ಗಲ್ಲದ ಬಿಳಿ ಕುರುಚಲು ಗಡ್ಡವೂ ಕಾಣುತ್ತದೆ.

ಅವರು ಆ ಫೋಟೋವನ್ನು ತೆಗೆದು ಪಕ್ಕಕ್ಕಿಡುತ್ತಾರೆ.

"ಇದೊಂದು ನನಗೆ ಬೇಕು. ನಾನೇ ಹೋಗಿ ಕೊಟ್ಟು ಬರ್ತೇನೆ. ಈ ಸಲ ಮುಖ ಉಂಟು."